ಕುರುಗೋಡಿನ ಸಾಲಿ ಮುಚ್ಚಿದ ವರ್ಷ

ಕನ್ಯಾಸ್ತ್ರೀಯಾಗಿ ನಾನು ವಾಸ ಮಾಡಿದ ಮನೆಗಳಲ್ಲೆಲ್ಲ ಕುರುಗೋಡಿನದೇ ಚಿಕ್ಕದು. ಗುಡ್ಡದ ಬಂಡೆಗಳ ಬುಡದಲ್ಲಿ, ಶಾಲೆಯ ಗೋಡೆಗೆ ಒತ್ತಿಕೊಂಡಂತೆ ಮೂರು ಕೋಣೆ, ಒಂದು ಅಡಿಗೆಮನೆ, ಪ್ರಾರ್ಥನೆಗೆಂದು ಪರದೆ ಕಟ್ಟಿದ ಒಂದು ಮೂಲೆ. ಬೇಸಿಗೆಯಲ್ಲಿ ಬಂಡೆಗಳು ಹಗಲೆಲ್ಲ ಕಾದು, ಸಂಜೆ ಆ ಕಾವನ್ನು ನಮ್ಮ ಗೋಡೆಗೆ ದಾಟಿಸುತ್ತಿದ್ದವು. ಆ ಮನೆಯಲ್ಲಿ ನಾವು ಮೂವರು ಸಿಸ್ಟರ್‌ಗಳಿದ್ದೆವು. ನಮ್ಮದು ಪಾಠ ಹೇಳುವ ಸಂಸ್ಥೆ. ಆಸ್ಪತ್ರೆ, ಅನಾಥಾಶ್ರಮಗಳನ್ನು ನಡೆಸುವವರು ಬೇರೆ ಇದ್ದರು; ನಮ್ಮ ಪಾಲಿಗೆ ಬಂದದ್ದು ಶಾಲೆ. ಕುರುಗೋಡಿನದು ಕನ್ನಡ ಮಾಧ್ಯಮ, ಒಂದನೇ ತರಗತಿಯಿಂದ ಏಳರವರೆಗೆ.

ಮನೆಗೆ ಹಿರಿಯರಾಗಿದ್ದವರು ಕರಾವಳಿಯವರು. ಶಾಲೆಗೂ ಅವರೇ ಹೆಡ್‌ಮಿಸ್. ಊರವರು ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ತವರಿನಿಂದ ಯಾರಾದರೂ ಒಣಮೀನು ಕಳಿಸಿದರೆ ಅದನ್ನು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಸುತ್ತಲಿನ ಮನೆಯವರು ಮೀನು ಮುಟ್ಟದವರು. ಅವರ ಮೂಗಿಗೆ ವಾಸನೆ ಹೋಗಬಾರದೆಂದು, ಗಾಳಿ ಗುಡ್ಡದ ಕಡೆ ಬೀಸುವ ದಿನಕ್ಕಾಗಿ ಕಾಯುತ್ತಿದ್ದರು. ಕೆಲವು ಸಲ ಅಂಥ ದಿನ ಬರುವುದರೊಳಗೆ ಮೀನಿಗೆ ಹುಳ ಬಿದ್ದಿರುತ್ತಿತ್ತು. ಆಗ ಅವರು ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟು ಏನೂ ಆಗದವರಂತೆ ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು.

ಕಿರಿಯವಳು ಬೆಳಗಾವಿ ಕಡೆಯವಳು. ಗಣಿತ ಹೇಳುತ್ತಿದ್ದಳು. ಜೀವನಪರ್ಯಂತದ ವ್ರತವನ್ನು ಇನ್ನೂ ತೆಗೆದುಕೊಂಡಿರಲಿಲ್ಲ. ವರ್ಷವರ್ಷಕ್ಕೂ ವ್ರತ ಹೊಸದು ಮಾಡಿಕೊಳ್ಳುವ ಕಾಲದಲ್ಲಿದ್ದಳು. ಸ್ಕೂಟಿ ಓಡಿಸುತ್ತಿದ್ದಳು, ಓಡಿಸುವಾಗ ಹಾಡುತ್ತಿದ್ದಳು, ಎರಡಕ್ಕೂ ಬಳ್ಳಾರಿಯಲ್ಲಿದ್ದ ನಮ್ಮ ಸಂಸ್ಥೆಯ ದೊಡ್ಡ ಮನೆಯ ಹಿರಿಯರಿಂದ ಬೈಸಿಕೊಂಡಿದ್ದಳು.

ನಾನು ನಡುವಿನವಳು, ಸಿರುಗುಪ್ಪದವಳು. ಅಪ್ಪ ಅಕ್ಕಿಗಿರಣಿಯಲ್ಲಿ ಹಮಾಲಿ, ಅವ್ವ ಅದೇ ಗಿರಣಿಯಲ್ಲಿ ಅಕ್ಕಿ ಜರಡಿ ಹಿಡಿಯುವವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಆ ಊರಲ್ಲಿದ್ದ ಸಿಸ್ಟರ್‌ಗಳ ಶಾಲೆಯಲ್ಲಿ ಓದಿ, ಅವರ ಬಿಳಿ ಬಟ್ಟೆಗೆ ಮರುಳಾಗಿ, ನಾನೂ ಸೇರಿದೆ. ಸೇರಿದ ಮೇಲೆ ಗೊತ್ತಾಯಿತು, ಊಟದ ಮೇಜಿನ ಮೇಲೆ ನನ್ನ ಎರಡೂ ಭಾಷೆಗಳಿಗೆ ಜಾಗವಿಲ್ಲವೆಂದು. ದೊಡ್ಡ ಮನೆಗಳಲ್ಲಿ ಒಂದು ತುದಿಯಲ್ಲಿ ಕೊಂಕಣಿ, ಇನ್ನೊಂದು ತುದಿಯಲ್ಲಿ ಮಲಯಾಳ, ನಡುವೆ ಇಂಗ್ಲಿಷು. ಯಾರೂ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ಅವರು ನಕ್ಕಾಗ ನಾನೂ ನಗುತ್ತಿದ್ದೆ, ಯಾಕೆ ಎಂದು ತಿಳಿಯದೆ. ಕುರುಗೋಡಿನ ಮೇಜಿನಲ್ಲಿ ಮಾತ್ರ ಮೂವರಿಗೂ ಇದ್ದ ಒಂದೇ ಭಾಷೆ ಕನ್ನಡ, ಅದೂ ಮೂರು ಬಗೆಯದು. ದೊಡ್ಡ ಸಿಸ್ಟರ್ 'ಉಂಟು' ಎಂದರೆ ಕಿರಿಯವಳು 'ಐತಿ' ಎನ್ನುತ್ತಿದ್ದಳು. ಆ ಮೇಜಿನಲ್ಲಿ ನಾನು ತಿಳಿದು ನಕ್ಕಿದ್ದೇನೆ. ನನ್ನ ಮಟ್ಟಿಗೆ ಸಮುದಾಯ ಜೀವನ ಎಂಬ ಮಾತಿಗೆ ಅರ್ಥ ಬಂದದ್ದು ಅಲ್ಲಿ ಮಾತ್ರ.

ಆ ಕಾಲದಲ್ಲಿ ಬಳ್ಳಾರಿಯಲ್ಲಿ ಗಣಿ ಜೋರಾಗಿತ್ತು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲು ಹಿಡಿದು ನಿಲ್ಲುತ್ತಿದ್ದವು. ಬಳ್ಳಾರಿಗೆ ಹೋಗಿ ಬಂದರೆ ನಮ್ಮ ಬಿಳಿ ಸೀರೆಯ ಅಂಚು ಕೆಂಪಾಗಿರುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಪಾರ್ವತಿನಗರದಲ್ಲಿ ಹಳೆಯ ಮನೆ ಕೆಡವಿ ಅಮೃತಶಿಲೆಯ ಮನೆಗಳು ಎದ್ದವು. ಬಳ್ಳಾರಿಯಲ್ಲಿ ದೊಡ್ಡ ಮನೆಗೆ ಹೊಂದಿಕೊಂಡು ನಮ್ಮ ಸಂಸ್ಥೆಯದೊಂದು ದೊಡ್ಡ ಇಂಗ್ಲಿಷ್ ಶಾಲೆಯಿತ್ತು. ಅದರ ಗೇಟಿನೆದುರು ನನಗೆ ಹೆಸರು ತಿಳಿಯದ ಕಾರುಗಳು ನಿಲ್ಲತೊಡಗಿದವು. ಸೀಟಿಗಾಗಿ ಬಂದವರು ಹಣ್ಣಿನ ಬುಟ್ಟಿ ಹಿಡಿದು ಮೊಗಸಾಲೆಯಲ್ಲಿ ಕಾಯುತ್ತಿದ್ದರು. ಒಬ್ಬ ಗಣಿ ಧಣಿ ತನ್ನ ತಂದೆಯ ನೆನಪಿಗೆ ಸಭಾಂಗಣ ಕಟ್ಟಿಸಿಕೊಟ್ಟ. ಅದರ ಉದ್ಘಾಟನೆಗೆ ನಮ್ಮನ್ನೂ ಕರೆಸಿದ್ದರು. ನಾವು ಹಿಂದಿನ ಸಾಲಿನಲ್ಲಿ ಕುಳಿತು, ಕೊಟ್ಟ ಪೇಡೆಯನ್ನು ಕಿರಿಯವಳ ಕರ್ಚೀಫಿನಲ್ಲಿ ಕಟ್ಟಿ ಮಕ್ಕಳಿಗೆಂದು ತಂದೆವು.

ಕುರುಗೋಡಿಗೆ ಆ ಸಿರಿ ಬಂದದ್ದು ಒಂದು ಹಳದಿ ವ್ಯಾನಿನ ರೂಪದಲ್ಲಿ. ಬಳ್ಳಾರಿ ರಸ್ತೆಯಲ್ಲಿ ಯಾರೋ ಇಂಗ್ಲಿಷ್ ಮಾಧ್ಯಮ ಶಾಲೆ ತೆಗೆದರು, ಅದರ ವ್ಯಾನು ನಮ್ಮ ಗೇಟಿನೆದುರೇ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು. ಟಿಪ್ಪರ್ ಓಡಿಸಲು ಹೋದವರ, ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿಯಾದವರ ಮಕ್ಕಳು ಟೈ ಕಟ್ಟಿಕೊಂಡು ಆ ವ್ಯಾನಿನಲ್ಲಿ ಹೋದರು. ನಮ್ಮಲ್ಲಿ ಉಳಿದವರು ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುವವರ ಮಕ್ಕಳು, ಅವರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ಒಂದೇ ಮನೆಯ ಗಂಡುಹುಡುಗ ವ್ಯಾನಿಗೆ, ಹೆಣ್ಣುಹುಡುಗಿ ನಮ್ಮ ಶಾಲೆಗೆ ಬರುವುದನ್ನು ನಾವು ದಿನಾ ನೋಡುತ್ತಿದ್ದೆವು.

ಇಂಥ ಹೊತ್ತಿನಲ್ಲಿ ಪ್ರಾವಿನ್ಶಿಯಲ್ ಕಡೆಯಿಂದ ಸುದ್ದಿ ಬಂತು. ಪ್ರಾವಿನ್ಶಿಯಲ್ ಎಂದರೆ ನಮ್ಮ ಪ್ರಾಂತ್ಯದ ಎಲ್ಲ ಮನೆಗಳ ಮೇಲಿನ ಹಿರಿಯರು. ಯಾವ ಸಿಸ್ಟರ್ ಎಲ್ಲಿರಬೇಕು ಎಂದು ಹೇಳುವವರು. ಆಗ ಆ ಜಾಗದಲ್ಲಿದ್ದವರನ್ನು ನಾವು ಮದರ್ ಎನ್ನುತ್ತಿದ್ದೆವು. ಹೊರರಾಜ್ಯದವರು, ಓದಿದವರು, ದನಿ ಎತ್ತದವರು. ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಸಂಸ್ಥೆಯ ಮುಂದಿನ ಹತ್ತು ವರ್ಷವನ್ನು ಎಲ್ಲರೂ ಕೂಡಿ ಯೋಚಿಸೋಣ, ಪ್ರತಿ ಮನೆಯೂ ತನ್ನ ಕನಸನ್ನು ತರಲಿ, ಬೇಸಿಗೆಗೆ ಮುಂಚೆ ಬಳ್ಳಾರಿಯಲ್ಲಿ ಸಭೆ ಸೇರೋಣ ಎಂದು ಅವರು ಹೇಳಿ ಕಳಿಸಿದ್ದರು.

ದೊಡ್ಡ ಸಿಸ್ಟರ್ ಅದನ್ನು ಎಷ್ಟು ನಂಬಿದರೆಂದರೆ, ಆ ವಾರವೇ ತಾಯಿತಂದೆಯರನ್ನು ಶಾಲೆಗೆ ಕರೆಸಿದರು. ಟಿಪ್ಪರ್ ಓಡಿಸುವ ಒಬ್ಬಾತ ಎದ್ದು ನಿಂತು, ಕನ್ನಡ ಕಲಿತು ನಾವೇನಾದೆವು, ನೀವು ಇಂಗ್ಲಿಷ್ ಮಾಡಿದರೆ ನನ್ನ ಮಗನನ್ನು ನಾಳೆಯೇ ವಾಪಸು ತರುತ್ತೇನೆ ಎಂದ. ಅವನ ಮಾತಿಗೆ ಹಲವರು ತಲೆಯಾಡಿಸಿದರು. ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ತನ್ನ ಮಗ ತನ್ನಂತಾಗಬಾರದು ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಆಮೇಲೆ ಎದ್ದವಳು ಆರನೆಯ ತರಗತಿಯ ಹುಡುಗಿಯೊಬ್ಬಳ ತಾಯಿ. ಮುಸ್ಲಿಂ ಹೆಂಗಸು, ಬಳ್ಳಾರಿಯ ಕೌಲ್ ಬಜಾರಿನಿಂದ ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟು ತಂದು ಮನೆಯಲ್ಲೇ ಹೊಲಿದು ಕೊಡುತ್ತಿದ್ದಳು. ಬೆರಳ ತುದಿಗಳೆಲ್ಲ ನೀಲಿ.

"ವ್ಯಾನಿಗೆ ಹತ್ಸೋರು ಹತ್ಸಲಿ, ಸಿಸ್ಟರಮ್ಮ," ಎಂದಳು. "ನನ್ನ ಮಗಳನ್ನ ಅದ್ರಾಗ ಕಳ್ಸಂಗಿಲ್ಲ ಅವರಪ್ಪ. ಇಲ್ಲಾದ್ರ ನೀವದೀರಿ ಅಂತ ಬಿಟ್ಟಾನ. ನೀವು ಇರ್ರಿ, ಸಾಕು. ಇಂಗ್ಲೀಷ್ ಇರ್ಲಿ, ಕನ್ನಡ ಇರ್ಲಿ."

ಅಲ್ಲಿಂದ ನಮ್ಮ ಕನಸು ಹುಟ್ಟಿತು. ಸಂಜೆ ಊಟದ ನಂತರ ಮೂವರೂ ಕುಳಿತು ಮಾತಾಡುತ್ತಿದ್ದೆವು. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು, ವರ್ಷಕ್ಕೊಂದು ತರಗತಿ ಸೇರಿಸುತ್ತ ಹತ್ತನೆಯವರೆಗೆ ಒಯ್ಯುವುದು, ಸುಗ್ಗಿಯಲ್ಲಿ ದೂರ ಹೋಗುವವರ ಹೆಣ್ಣುಮಕ್ಕಳು ಉಳಿಯಲು ಹಿಂದಿನ ಖಾಲಿ ಜಾಗದಲ್ಲಿ ಎರಡು ಕೋಣೆ ಹಾಕುವುದು. ಕಿರಿಯವಳು ಆ ಕೋಣೆಗಳನ್ನು ಚಾರ್ಟಿನ ಮೇಲೆ ಬರೆದು ಕಿಟಕಿಗಳಿಗೆ ಹಸಿರು ಬಣ್ಣ ಹಾಕಿದಳು. ದೊಡ್ಡ ಸಿಸ್ಟರ್ ಕಿಟಕಿ ಗುಡ್ಡದ ಕಡೆ ಬೇಡ, ಕಾವು ಬರುತ್ತದೆ ಎಂದರು. ಅವಳು ಅಳಿಸಿ ಈಚೆ ಕಡೆ ಬರೆದಳು.

ಸಭೆಗೆ ಹೋದೆವು. ಹೊಸ ಸಭಾಂಗಣದಲ್ಲೇ ನಡೆಯಿತು. ನಡುವೆ ಒಂದು ಮೇಣದಬತ್ತಿ, ಸುತ್ತ ಹೂವಿನ ಎಸಳು. ಸಭೆ ನಡೆಸಲು ಬೆಂಗಳೂರಿನಿಂದ ತರಬೇತಿ ಕೊಡುವ ಒಬ್ಬ ಫಾದರ್ ಬಂದಿದ್ದರು. ಕಣ್ಣು ಮುಚ್ಚಿ, ಹತ್ತು ವರ್ಷದ ಆಚೆ ನಡೆದು ಹೋಗಿ, ಅಲ್ಲಿ ಏನು ಕಾಣುತ್ತದೆ ನೋಡಿ ಎಂದರು. ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ ಹಚ್ಚಿದ್ದರು. ಕಣ್ಣು ಮುಚ್ಚಿದವರಲ್ಲಿ ಕೆಲವರು ನಿದ್ದೆ ಹೋದರು. ವಯಸ್ಸಾದವರು, ಪಾಪ, ನಸುಕಿನಲ್ಲೇ ಎದ್ದು ಬಸ್ಸು ಹಿಡಿದು ಬಂದವರು. ಆಮೇಲೆ ಬಣ್ಣಬಣ್ಣದ ಕಾರ್ಡು ಕೊಟ್ಟರು. ಕಂಡದ್ದನ್ನು ಬರೆದು ಗೋಡೆಗೆ ಅಂಟಿಸಬೇಕು. ಕಿರಿಯವಳು ನಮ್ಮ ಚಾರ್ಟನ್ನು ಅಂಟಿಸಿ, ಅದರ ಕೆಳಗೆ ಕನ್ನಡದಲ್ಲಿ 'ಕುರುಗೋಡು' ಎಂದು ಬರೆದಳು. ಗೋಡೆಯ ಮೇಲೆ ಕನ್ನಡ ಇದ್ದದ್ದು ಅದೊಂದೇ.

ಚಹಾದ ಹೊತ್ತಿಗೆ ನಾನು ಕೈ ತೊಳೆಯಲು ಹಿಂದಿನ ವರಾಂಡಕ್ಕೆ ಹೋದೆ. ಅಲ್ಲಿ ಹೊಸದಾಗಿ ಏಳುತ್ತಿದ್ದ ಕಟ್ಟಡದ ಕೆಳಗಿನ ಕೋಣೆಯಲ್ಲಿ ಒಬ್ಬ ಬಡಗಿ ಟೇಪು ಹಿಡಿದು ಅಳೆಯುತ್ತಿದ್ದ. ನನ್ನನ್ನು ನೋಡಿ, ನೀವು ಯಾವ ಊರಿನ ಸಿಸ್ಟರ್ ಎಂದು ಕೇಳಿದ. ಕುರುಗೋಡು ಎಂದೆ. ಅವನಿಗೆ ಸಮಾಧಾನವಾಯಿತು.

"ಚಲೋ ಆತು. ನಿಮ್ಮ ಸಾಲಿ ಬೆಂಚು ಎಷ್ಟು ಉದ್ದ ಅದಾವ್ರಿ? ಬ್ಯಾಸಗಿ ರಜಾದಾಗ ಅವನ್ನ ಇಲ್ಲಿಗೆ ತರಸ್ತೀವಿ, ಖೋಲಿಗೆ ಹಿಡಿತಾವೋ ಇಲ್ಲೋ ನೋಡು ಅಂದಾರ ಮದರು. ಹಿಡೀಲಿಲ್ಲಂದ್ರ ಕೊಯ್ಬೇಕಾಗ್ತೈತಿ."

ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಒಳಗೆ ಬಂದಾಗ ಬಿಸ್ಕೀಟಿನ ತಟ್ಟೆ ಓಡಾಡುತ್ತಿತ್ತು, ಫಾದರ್ ಯಾವುದೋ ನಗೆಮಾತು ಹೇಳುತ್ತಿದ್ದರು. ದೊಡ್ಡ ಸಿಸ್ಟರ್ ಪಕ್ಕ ಕುಳಿತು ಬಡಗಿ ಹೇಳಿದ್ದನ್ನು ಹೇಳಿದೆ. ಅವರು ಕಪ್ಪನ್ನು ಕೆಳಗಿಟ್ಟರು. ಆ ಬೆಂಚುಗಳನ್ನು ಅವರು ಕುರುಗೋಡಿಗೆ ಬಂದ ಹೊಸದರಲ್ಲಿ ಬೇವಿನ ಮರ ಕಡಿಸಿ, ಎದುರು ನಿಂತು ಮಾಡಿಸಿದ್ದರು.

ಚಹಾ ಮುಗಿದು ಎಲ್ಲರೂ ಕುಳಿತ ಮೇಲೆ ಅವರು ಎದ್ದರು.

"ಮದರ್, ಒಂದು ಕೇಳ್ಲಿಕ್ಕುಂಟು. ನಮ್ಮ ಬೆಂಚುಗಳಿಗೆ ಇಲ್ಲಿ ಜಾಗ ನೋಡಿ ಆಗಿದೆಯಂತೆ. ನಮಗೆ ಎಲ್ಲಿ ಅಂತ ಆಗಿದೆಯಾ?"

ಕೆಲವರಿಗೆ ಕನ್ನಡ ತಿಳಿಯಲಿಲ್ಲ. ತಿಳಿದವರು ಮೇಣದಬತ್ತಿಯ ಕಡೆ ನೋಡಿದರು. ಮದರ್ ಇಂಗ್ಲಿಷಿನಲ್ಲಿ, ಶಾಂತವಾಗಿ, ಇನ್ನೂ ಏನೂ ನಿರ್ಧಾರವಾಗಿಲ್ಲ ಎಂದರು. ಸಾಧ್ಯತೆಗಳನ್ನು ನೋಡುವುದು ತಮ್ಮ ಕರ್ತವ್ಯ, ದೇವರ ಚಿತ್ತವನ್ನು ಎಲ್ಲರೂ ಕೂಡಿ ಹುಡುಕುತ್ತಿರುವಾಗ ಒಬ್ಬರು ಮುಚ್ಚಿದ ಮನಸ್ಸಿನಿಂದ ಬಂದರೆ ಕಷ್ಟ ಎಂದರು. ಆಮೇಲೆ ಕಾರಣಗಳನ್ನು ಹೇಳಿದರು. ಹೊಸ ಹುಡುಗಿಯರು ಸಂಸ್ಥೆಗೆ ಬರುತ್ತಿಲ್ಲ. ಇರುವವರಿಗೆ ವಯಸ್ಸಾಗುತ್ತಿದೆ. ಸಣ್ಣ ಸಣ್ಣ ಮನೆಗಳಲ್ಲಿ ಮೂರು ಮೂರು ಜನ ಹಂಚಿಹೋದರೆ ಎಲ್ಲವೂ ಸೊರಗುತ್ತವೆ. ಅದರಲ್ಲಿ ಯಾವುದೂ ಸುಳ್ಳಲ್ಲ. ಅದನ್ನು ಮೊದಲೇ ನಮ್ಮ ಮುಂದೆ ಕುಳಿತು ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವೋ ಏನೋ. ಕಣ್ಣು ಮುಚ್ಚಿಸಿ ಕನಸು ಕಾಣಿಸಿದ್ದೇ ನನ್ನನ್ನು ಇವತ್ತಿಗೂ ಚುಚ್ಚುವುದು.

ಮಧ್ಯಾಹ್ನ ಗೋಡೆಯ ಕಾರ್ಡುಗಳನ್ನು ಗುಂಪು ಮಾಡಿದರು. ನಮ್ಮ ಚಾರ್ಟು 'ಅನುಕೂಲವಾದಾಗ' ಎಂಬ ಗುಂಪಿಗೆ ಹೋಯಿತು. ಕಿರಿಯವಳು ಎದ್ದು ಹೋಗಿ ಅದನ್ನು ಗೋಡೆಯಿಂದ ಬಿಡಿಸಿ, ಮಡಿಸಿ, ತನ್ನ ಚೀಲದಲ್ಲಿಟ್ಟುಕೊಂಡಳು. ಫಾದರ್, ಅದು ಎಲ್ಲರದೂ, ಅಲ್ಲೇ ಇರಲಿ ಎಂದರು. ಅವಳು ಕೇಳಿಸದವಳಂತೆ ಬಂದು ಕುಳಿತಳು.

ಶಾಲೆ ಮುಚ್ಚುವ ಸುದ್ದಿ ನಾವು ಕುರುಗೋಡಿಗೆ ಮರಳುವುದರೊಳಗೇ ಊರಿಗೆ ಮುಟ್ಟಿತ್ತು. ಕೆಲವು ದಿನಗಳಲ್ಲಿ ಊರಿನ ಹೆಂಗಸರು ಒಂದು ಟ್ರ್ಯಾಕ್ಸ್ ಜೀಪು ಮಾಡಿಕೊಂಡು ಬಳ್ಳಾರಿಗೆ ಹೊರಟರು. ನಮಗೆ ಹೇಳಲಿಲ್ಲ, ಹೇಳಿದರೆ ನಾವು ಬೇಡವೆನ್ನುತ್ತೇವೆ ಎಂದುಕೊಂಡಿದ್ದರು. ಅವತ್ತು ಪುಸ್ತಕ ತರಲೆಂದು ನಾನು ಮದರ್ ಇದ್ದ ದೊಡ್ಡ ಮನೆಗೆ ಹೋಗಿದ್ದೆ. ವಾಚ್‌ಮನ್ ಅವರನ್ನು ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕೂರಿಸಿದ್ದ. ಒಳಗೆ ಪಾರ್ವತಿನಗರದ ಯಾರೋ ಸೀಟಿಗೆ ಬಂದಿದ್ದರು. ಅವರ ಕಾರು ಹೋದ ಮೇಲೆ ಇವರಿಗೆ ಕರೆ ಬಂತು, ಮೊಗಸಾಲೆಯವರೆಗೆ. ಮದರ್ ಹೊರಗೆ ಬಂದು ಕೈಮುಗಿದು ನಿಂತರು. ಹೆಂಗಸರು ತಂದಿದ್ದ ಪೇರಲಹಣ್ಣಿನ ಚೀಲವನ್ನು ತೆಗೆದುಕೊಂಡರು. ಎಲ್ಲರಿಗೂ ಚಹಾ ಕೊಡಿಸಿದರು, ಅದರಲ್ಲಿ ಕೊರತೆ ಮಾಡಲಿಲ್ಲ. ಆಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನಾನು ಹೇಳುವುದನ್ನು ಅವರ ಭಾಷೆಯಲ್ಲಿ ಹೇಳು, ಚೆನ್ನಾಗಿ ಹೇಳು, ನೀನು ಇಲ್ಲಿಯವಳು ಎಂದರು.

ಸಂಸ್ಥೆಯಲ್ಲಿ ನಾನು ಇಲ್ಲಿಯವಳು ಎಂದು ಯಾರಾದರೂ ನೆನಪಿಸಿಕೊಂಡದ್ದು ಅದೇ ಮೊದಲು.

ಮದರ್ ಒಂದೊಂದು ವಾಕ್ಯ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಮಗೂ ದುಃಖವಿದೆ. ಮಕ್ಕಳಿಗಾಗಿ ಪ್ರಾರ್ಥಿಸುತ್ತೇವೆ. ಸರ್ಕಾರಿ ಶಾಲೆ ಹತ್ತಿರದಲ್ಲೇ ಇದೆ. ಹೊಲಿಗೆಯವಳು ಚಹಾ ಲೋಟವನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಮದರ್ ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವುದರೊಳಗೆ ಕೇಳಿದಳು.

"ಸಿಸ್ಟರಮ್ಮ, ಇದು ನಿಮ್ಮ ಮಾತೋ, ಅವರ ಮಾತೋ?"

"ಅವರದು," ಎಂದೆ.

"ಹಂಗಾದ್ರ ನಿಮ್ಮದು ಹೇಳ್ರಿ."

ಅವಳು ಏನು ಕೇಳಿದಳು ಎಂದು ಮದರ್ ನನ್ನನ್ನು ವಿಚಾರಿಸಿದರು. ಶಾಲೆ ಉಳಿಸಿ ಎನ್ನುತ್ತಿದ್ದಾಳೆ ಎಂದೆ. ಅವರು ತಲೆಯಾಡಿಸಿ, ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಲು ಹೇಳಿದರು. ನಾನು ಹೊಲಿಗೆಯವಳ ಕಡೆ ತಿರುಗಿ, ನನ್ನ ಊರ ಮಾತಿನಲ್ಲಿ ಹೇಳಿದೆ.

"ನಂಗ ಅಲ್ಲೇ ಇರಾಕ ಆಸಿ ಐತವ್ವ. ಆದ್ರ ನಾನು ಎಲ್ಲಿರಬೇಕನ್ನೋದು ನನ್ನ ಕೈಯಾಗ ಇಲ್ಲ."

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ನಮ್ದೂ ಹಂಗಽ ಐತಿ," ಎಂದಳು. "ನೀವು ಬ್ಯಾರೆ ಇದ್ದೀರಿ ಅನ್ಕೊಂಡಿದ್ದೆ."

ಹೆಂಗಸರು ಗೇಟು ದಾಟುವುದರೊಳಗೆ ಮದರ್ ನನಗೆ, ಚೆನ್ನಾಗಿ ನಿಭಾಯಿಸಿದೆ, ಥ್ಯಾಂಕ್ಸ್ ಎಂದರು. ಪೇರಲಹಣ್ಣು ರಾತ್ರಿ ಊಟಕ್ಕೆ ಹೆಚ್ಚಿ ಉಪ್ಪು ಖಾರ ಹಾಕಿ ಮೇಜಿಗೆ ಬಂತಂತೆ. ನಾನು ಅಷ್ಟರಲ್ಲಿ ಕುರುಗೋಡಿನ ಬಸ್ಸು ಹತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಲಾರಿ ಬಂತು. ಬೆಂಚುಗಳನ್ನು ಹೇರುವಾಗ ದೊಡ್ಡ ಸಿಸ್ಟರ್ ಹೊರಗೆ ಬರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಕಟ್ಟುತ್ತಿದ್ದರು. ಅವರನ್ನು ಕರಾವಳಿಯಲ್ಲಿದ್ದ ವಯಸ್ಸಾದ ಸಿಸ್ಟರ್‌ಗಳ ಮನೆಗೆ ಹಾಕಿದರು. ಅವರಿಗೆ ಇನ್ನೂ ನಡೆಯುವ ಶಕ್ತಿಯಿತ್ತು, ಪಾಠ ಹೇಳುವ ದನಿಯಿತ್ತು. ಯಾಕೆಂದು ಅವರು ಕೇಳಲು ಹೋಗಲಿಲ್ಲ. ವಿಧೇಯತೆಯ ವ್ರತವನ್ನು ಅವರು ನನ್ನಂತೆ ತೂಗಿ ನೋಡುತ್ತಿರಲಿಲ್ಲ, ಹೊತ್ತುಕೊಂಡು ನಡೆಯುತ್ತಿದ್ದರು. ಕಿರಿಯವಳನ್ನು ಬಳ್ಳಾರಿಯ ದೊಡ್ಡ ಶಾಲೆಗೆ, ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು.

ಸಿರುಗುಪ್ಪದಲ್ಲಿ ಸಿಸ್ಟರ್‌ಗಳ ಮನೆಯಿಂದ ಅವ್ವನ ಮನೆಗೆ ನಡೆದು ಹೋಗುವಷ್ಟು ದೂರ. ಆದರೂ ಹೋಗಬೇಕಾದರೆ ಅಲ್ಲಿನ ಹಿರಿಯರ ಅನುಮತಿ ಬೇಕಾಗುತ್ತಿತ್ತು. ಅಪ್ಪ ಆಗಲೇ ತೀರಿಕೊಂಡಿದ್ದ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿಯ ಕಲ್ಲು ಆರಿಸುತ್ತಲೇ ಕೇಳಿದಳು. ಆಮೇಲೆ, ತೆಲುಗು ಬಿಟ್ಟು ಗಿರಣಿಯ ಕನ್ನಡದಲ್ಲಿ, "ನಿಮ್ದೂ ಗಿರಣಿ ಇದ್ದಂಗಽ ಐತಿ ಬಿಡು. ಬಾಗ್ಲಾ ಹಾಕೋದು ಕೂಲಿಯೋರ್ನ ಕೇಳಿ ಅಲ್ಲ," ಎಂದಳು. ನಾನು ಹಾಗಲ್ಲ ಎಂದು ವಾದಿಸಲು ಹೊರಟು, ಅರ್ಧಕ್ಕೇ ಬಿಟ್ಟೆ.

ಕಿರಿಯವಳು ಬಳ್ಳಾರಿಯಲ್ಲಿ ಹೆಚ್ಚು ಕಾಲ ಇರಲಿಲ್ಲ. ವ್ರತ ಹೊಸದು ಮಾಡುವ ಸಮಯ ಬಂದಾಗ, ಮಾಡುವುದಿಲ್ಲ ಎಂದಳು. ಅವಳು ಹೋದ ದಿನ ಯಾರೂ ಗೇಟಿನವರೆಗೆ ಬರಲಿಲ್ಲವಂತೆ. ಊಟದ ಮೇಜಿನಲ್ಲಿ ಅವಳ ಕುರ್ಚಿ ತೆಗೆದು ಉಳಿದವರು ಸ್ವಲ್ಪ ಸ್ವಲ್ಪ ಸರಿದು ಕುಳಿತರು, ಅಷ್ಟೇ. ನಮ್ಮಲ್ಲಿ ಸತ್ತವರ ಹೆಸರನ್ನು ಪ್ರತಿ ವರ್ಷ ಪೂಜೆಯಲ್ಲಿ ಓದುತ್ತೇವೆ. ಬಿಟ್ಟು ಹೋದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅವಳೀಗ ಧಾರವಾಡದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿದ್ದಾಳೆ. ಮದುವೆಯಾಗಿದೆ. ಫೋನಿನಲ್ಲಿ ನನ್ನನ್ನು ಮೊದಲಿನಂತೆ ಸಿಸ್ಟರ್ ಎಂದೇ ಕರೆಯುತ್ತಾಳೆ.

ದೊಡ್ಡ ಸಿಸ್ಟರ್ ಕರಾವಳಿಯಿಂದ ಕೆಲವು ಸಲ ಫೋನು ಮಾಡಿದ್ದರು. ಇಲ್ಲಿ ದಿನಾ ಮೀನು ಉಂಟು, ತಿನ್ನಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ ಎಂದಿದ್ದರು. ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ ನೋಡಿ ಬರಲು ಅನುಮತಿ ಕೇಳಿದೆ. ಶಾಲೆಯಲ್ಲಿ ತಪಾಸಣೆಯವರು ಬರುವ ವಾರ, ಅದು ಮುಗಿಯಲಿ ಎಂದರು. ಅದು ಮುಗಿಯುವುದರೊಳಗೆ ಅವರೇ ಮುಗಿದಿದ್ದರು. ಮಣ್ಣಿಗೂ ನಾನು ಹೋಗಲಿಲ್ಲ. ಬಸ್ಸಿನಲ್ಲಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತಿತ್ತು. ಅವರ ಬಗ್ಗೆ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ, ಅವರು ಸಂತೋಷದಿಂದ ವಿಶ್ರಾಂತ ಜೀವನವನ್ನು ಸ್ವೀಕರಿಸಿದರು ಎಂದಿತ್ತು.

ಆಮೇಲೆ ಗಣಿ ನಿಂತಿತು. ಕೋರ್ಟು ನಿಲ್ಲಿಸಿತು ಎಂದು ಎಲ್ಲರೂ ಹೇಳಿದರು. ನಮಗೆ ಗೊತ್ತಾದದ್ದು ಗೇಟಿನೆದುರು ಕಾರು ಕಡಿಮೆಯಾದಾಗ. ಅಷ್ಟರಲ್ಲಿ ನನ್ನನ್ನು ಬಳ್ಳಾರಿಗೆ ಹಾಕಿದ್ದರು. ಪಾರ್ವತಿನಗರದ ಕೆಲವು ಮನೆಗಳಿಗೆ ಬೀಗ ಬಿತ್ತು, ಮಕ್ಕಳನ್ನು ಹೈದರಾಬಾದಿಗೋ ಬೆಂಗಳೂರಿಗೋ ಒಯ್ದರು. ಉಳಿದವರು ಇನ್ನೂ ಹೊಸ, ಇನ್ನೂ ದೊಡ್ಡ ಶಾಲೆಗಳನ್ನು ಹುಡುಕಿಕೊಂಡರು. ನಮ್ಮ ಹೊಸ ಕಟ್ಟಡದ ಮೇಲಿನ ಮಹಡಿಗೆ ಕಿಟಕಿಯ ಗಾಜು ಕೂಡ ಹಾಕಿಸಲಾಗಲಿಲ್ಲ. ಅಲ್ಲಿ ಪಾರಿವಾಳ ಸೇರಿಕೊಂಡವು. ಕುರುಗೋಡಿನ ಶಾಲೆಯನ್ನು ಮೆಣಸಿನಕಾಯಿ ವ್ಯಾಪಾರಿಯೊಬ್ಬ ಗೋದಾಮು ಮಾಡಿಕೊಂಡಿದ್ದಾನೆ. ಸಂತೆಯ ದಿನ ಆ ದಾರಿಯಲ್ಲಿ ನಡೆದು ಹೋದವರಿಗೆಲ್ಲ ಸೀನು ಬರುತ್ತದೆ.

ಒಂದು ಸಲ ಶಾಲೆಯ ಹೆಣ್ಣುಮಕ್ಕಳ ನಾಟಕಕ್ಕೆ ಬಟ್ಟೆ ತರಲು ಕೌಲ್ ಬಜಾರಿಗೆ ಹೋಗಿದ್ದೆ. ಮಹಡಿಯ ಮೇಲೆ ಜೀನ್ಸ್ ಹೊಲಿಯುವ ಒಂದು ಯುನಿಟ್ಟು. ಬಾಗಿಲ ಹತ್ತಿರದ ಮಶೀನಿನಲ್ಲಿ ಕುಳಿತಿದ್ದ ಹುಡುಗಿ ನನ್ನನ್ನು ನೋಡಿ ಎದ್ದಳು. ಕುರುಗೋಡಿನ ಆರನೆಯ ತರಗತಿಯ ಹುಡುಗಿ, ಈಗ ದೊಡ್ಡವಳು. ತಾಯಿಯೂ ಅಲ್ಲೇ ಪಕ್ಕದ ಮಶೀನಿನಲ್ಲಿದ್ದಳು. ಕೂಡ್ರಿ ಎಂದು ಸ್ಟೂಲು ಒರೆಸಿ ಕೊಟ್ಟರು, ಕೆಳಗಿನಿಂದ ಚಹಾ ತರಿಸಿದರು. ನಮ್ಮ ಶಾಲೆ ಮುಚ್ಚಿದ ಮೇಲೆ ಸರ್ಕಾರಿ ಶಾಲೆಗೆ ಹಾಕಿದಿರಾ ಎಂದು ಕೇಳಿದೆ. ಸ್ವಲ್ಪ ದಿನ ಹೋದಳು, ಆಮೇಲೆ ಅವರಪ್ಪ ಬಿಡಿಸಿದ ಎಂದು ತಾಯಿ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ. ಮೈಯಲ್ಲಿ ಹುಷಾರಾಗಿದ್ದೀರಾ, ದೊಡ್ಡ ಸಿಸ್ಟರ್ ಹೇಗಿದ್ದಾರೆ ಎಂದು ಕೇಳಿದಳು. ತೀರಿಕೊಂಡರು ಎಂದೆ. ಅವಳು ಮಶೀನು ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರಿಗಾಗಿ ನಾನು ನೋಡಿದ ಕಣ್ಣೀರು ಅದೊಂದೇ.

ಬೇರೆಯವರು ತಮಗೆ ಅನ್ಯಾಯ ಮಾಡಿದವರಿಂದ ದೂರ ಹೋಗಬಹುದು. ನಮಗೆ ಅದಿಲ್ಲ. ಅಧಿಕಾರದ ಅವಧಿ ಮುಗಿದು, ಇನ್ನೆರಡು ಕಡೆ ಇದ್ದು, ಮದರ್ ಕೊನೆಗೆ ನಾನಿರುವ ಬಳ್ಳಾರಿಯ ಮನೆಗೇ ಬಂದರು. ಮಂಡಿ ನೋವು, ಸಕ್ಕರೆ ಕಾಯಿಲೆ, ಕಿವಿ ಮಂದ. ಅವರ ಕೋಣೆ ನನ್ನ ಕೋಣೆಯ ಪಕ್ಕ. ಬೆಳಿಗ್ಗೆ ಮಾತ್ರೆ ಕೊಡುವುದು, ಕೈಹಿಡಿದು ಪ್ರಾರ್ಥನೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿದೆ. ನಾನು ಇಲ್ಲಿಯವಳು, ಡಾಕ್ಟರ ಹತ್ತಿರ ಮಾತಾಡಲು ಅನುಕೂಲ ಎಂದು.

ಹೋದ ಬೇಸಿಗೆಯಲ್ಲಿ ಅವರನ್ನು ಕಂಟೋನ್ಮೆಂಟಿನ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಆಟೋದಲ್ಲಿ ಬರುತ್ತಿದ್ದೆ. ಕುರುಗೋಡು ಎಂದು ಬೋರ್ಡು ಹಾಕಿದ ಬಸ್ಸೊಂದು ಪಕ್ಕದಲ್ಲಿ ನಿಂತಿತು. ಅವರು ಅದನ್ನು ಕಷ್ಟಪಟ್ಟು ಓದಿದರು. ಇಷ್ಟು ವರ್ಷಗಳಲ್ಲಿ ಕನ್ನಡ ಅಕ್ಷರ ಕಲಿತುಬಿಟ್ಟಿದ್ದರು. ಅಲ್ಲಿ ನಮ್ಮದೊಂದು ಪುಟ್ಟ ಶಾಲೆ ಇತ್ತಲ್ಲ, ಅದು ಯಾವಾಗ ಮುಚ್ಚಿಹೋಯಿತು ಎಂದು ಕೇಳಿದರು.

"ಮುಚ್ಚಿಹೋಗಲಿಲ್ಲ ಮದರ್," ಎಂದೆ. "ನೀವು ಮುಚ್ಚಿದಿರಿ."

ಕೇಳಿಸಲಿಲ್ಲ ಎಂದುಕೊಂಡೆ. ಬಸ್ಸು ಹೊರಟಿತು, ಅವರು ಅದು ಹೋದ ಕಡೆ ನೋಡಿದರು. ಆಮೇಲೆ, ಆಗ ಬೇರೆ ದಾರಿ ಇರಲಿಲ್ಲ ಎಂದರು, ಯಾರಿಗೋ ಎಂಬಂತೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂದು ದಿನಾ ಹೇಳುವ ಪ್ರಾರ್ಥನೆಯಲ್ಲಿ ಬರುತ್ತದೆ. ಆ ಸಾಲನ್ನು ನಾನು ಎಲ್ಲರ ಜೊತೆ ದನಿ ಸೇರಿಸಿ ಹೇಳುತ್ತೇನೆ, ಒಳಗೆ ಏನೂ ಅಲುಗಾಡುವುದಿಲ್ಲ. ಆಟೋ ಮನೆಯ ಮುಂದೆ ನಿಂತಾಗ ಅವರು ಕೈ ಚಾಚಿದರು. ಹಿಡಿದು ಇಳಿಸಿದೆ. ಮೆಟ್ಟಿಲು ಹತ್ತುವಾಗ ನನ್ನ ಭುಜದ ಮೇಲೆ ಭಾರ ಬಿಟ್ಟರು. ಒಳಗೆ ಊಟಕ್ಕೆ ತಟ್ಟೆ ಹಾಕುತ್ತಿದ್ದರು. ಅವರಿಗೆ ಉಪ್ಪು ಕಡಿಮೆ ಹಾಕಿದ ಸಾರು ಬೇರೆ ತೆಗೆದಿಡಬೇಕಾಗಿತ್ತು. ನಾನು ಅಡಿಗೆಮನೆಗೆ ಹೋದೆ.